ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಯೋಲಿನ ಸೊಕ್‌ಪಾಜೊಂಗ್ ವಿಹಾರಗೃಹ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನ ಬುವಾಮ್‌ದೊಂಗ್ ಬಡಾವಣೆಯಲ್ಲಿರುವ ಸೊಕ್‌ಪಾಜೊಂಗ್ ಎಂಬ ಹತ್ತೊಂಬತ್ತನೆಯ ಶತಮಾನದ ವಿಹಾರಗೃಹದ ಬಗ್ಗೆ ಈ ಅಂಕಣದಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾಗಿತ್ತು. ಅರಸನ ತಂದೆಯೊಬ್ಬ ವಾಸಿಸಿದ್ದ ಆ ಮನೆ ಇಂದು ಸಿಯೋಲ್ ಮ್ಯೂಸಿಯಂ ಎಂಬ ಖಾಸಗಿ ಕಲಾ ಸಂಗ್ರಹಾಲಯದ ಆವರಣದಲ್ಲಿದೆ ಎಂಬುದನ್ನು ಓದಿ ಹಲವರು ಪ್ರಶ್ನೆಗಳನ್ನು ಕಳಿಸಿದ್ದಾರೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಸೊಕ್‌ಪಾಜೊಂಗ್ ಕೂಡ ಹಾಗೆಯೇ ಹಳೆಯ ಮನೆಯ ಕೋಣೆಗಳಲ್ಲಿ ಚಿತ್ರಗಳನ್ನು ಇಟ್ಟಿರುವ ಜಾಗವೇ? (ಜಯನಗರ, ಬೆಂಗಳೂರು)

ಉತ್ತರ: ಅಲ್ಲ. ಈ ವ್ಯತ್ಯಾಸವನ್ನು ಹೋಗುವ ಮೊದಲೇ ತಿಳಿದುಕೊಂಡರೆ ನಿರಾಸೆಯಾಗುವುದಿಲ್ಲ. ಮಾಣಿಕ್ಯವೇಲು ಬಂಗಲೆಯಲ್ಲಿ ಹಳೆಯ ಕೋಣೆಗಳೇ ಚಿತ್ರಶಾಲೆಗಳಾಗಿವೆ. ಸಿಯೋಲ್‌ನಲ್ಲಿ ಚಿತ್ರಗಳು ಇರುವುದು ರಸ್ತೆಯ ಬದಿಗೆ ಹೊಸದಾಗಿ ಕಟ್ಟಿ 2012ರಲ್ಲಿ ತೆರೆದ ಮ್ಯೂಸಿಯಂ ಕಟ್ಟಡದಲ್ಲಿ. ಆ ಕಟ್ಟಡದ ಮೇಲಿನ ಅಂತಸ್ತಿನಿಂದ ಹೊರಗೆ ಕಾಲಿಟ್ಟರೆ ಹಿಂದಿನ ಬೆಟ್ಟದ ಮಡಿಲಲ್ಲಿ ಹಳೆಯ ಮನೆ, ತೊರೆ, ಬಂಡೆಗಳು ಮತ್ತು ಒಂದು ಮಂಟಪ ಕಾಣಿಸುತ್ತವೆ. ಇನ್ವಾಂಗ್‌ಸಾನ್ ಬೆಟ್ಟದ ಇಳಿಜಾರಿನಲ್ಲಿರುವ ಈ ಹಿಂಬದಿಯ ಜಾಗವೇ ಸೊಕ್‌ಪಾಜೊಂಗ್. 1974ರಲ್ಲಿ ಸಿಯೋಲ್ ನಗರವು ಇದನ್ನು ತನ್ನ ಸಂರಕ್ಷಿತ ಸಾಂಸ್ಕೃತಿಕ ಆಸ್ತಿಗಳಲ್ಲಿ 26ನೆಯದಾಗಿ ಗುರುತಿಸಿತು.

ಮನೆಯ ಭಾಗಗಳಲ್ಲಿ ಇಂದು ಉಳಿದಿರುವುದು ಗಂಡಸರು ಅತಿಥಿಗಳನ್ನು ಕಾಣುತ್ತಿದ್ದ ಸಾರಾಂಗ್‌ಚೇ, ಹೆಂಗಸರ ಒಳಮನೆಯಾದ ಆನ್‌ಚೇ, ಪ್ರತ್ಯೇಕವಾಗಿ ನಿಂತ ಬ್ಯೊಲ್‌ಚೇ ಮತ್ತು ತೊರೆಯ ಮೇಲಿನ ಮಂಟಪ. ಮರದ ಕಂಬಗಳು, ಬಾಗಿದ ಹೆಂಚಿನ ಮಾಡು, ಕಾಗದ ಹಚ್ಚಿದ ಬಾಗಿಲುಗಳು, ಒಲೆಯ ಹೊಗೆಯನ್ನು ನೆಲದ ಅಡಿಯ ಕಾಲುವೆಗಳಲ್ಲಿ ಹಾಯಿಸಿ ಕೋಣೆಯನ್ನು ಬೆಚ್ಚಗಿಡುವ ಒಂದೊಲ್ ವ್ಯವಸ್ಥೆ, ಇವೆಲ್ಲ ಕೊರಿಯಾದ ಸಾಂಪ್ರದಾಯಿಕ ಮನೆಯಾದ ಹನೊಕ್‌ನ ಲಕ್ಷಣಗಳು. ಸಾಮಾನ್ಯವಾಗಿ ಕೋಣೆಗಳ ಒಳಗೆ ಹೋಗಲು ಬಿಡುವುದಿಲ್ಲ. ಅಂಗಳದಲ್ಲಿ ನಿಂತು, ಬಾಗಿಲು ತೆರೆದಿದ್ದರೆ ಒಳಗನ್ನು ನೋಡಬೇಕು. ನನ್ನ ಮಟ್ಟಿಗೆ ಇದು ಕೊರತೆಯಲ್ಲ. ಈ ಮನೆಯನ್ನು ಕಟ್ಟಿದವರು ಒಳಗೆ ಕುಳಿತು ಹೊರಗಿನ ಕಣಿವೆಯನ್ನು ನೋಡಲೆಂದೇ ಕಟ್ಟಿದ್ದರು. ಅವರು ಏನನ್ನು ನೋಡುತ್ತಿದ್ದರೋ ಅದರ ನಡುವೆ ನಾವು ನಿಂತಿರುತ್ತೇವೆ.

ಪ್ರಶ್ನೆ: ಈ ಮನೆಯನ್ನು ಅರಸನ ತಂದೆ ಮೋಸದಿಂದ ಕಸಿದುಕೊಂಡ ಎಂದು ಪ್ರವಾಸಿ ಮಾರ್ಗದರ್ಶಿಗಳು ಹೇಳುತ್ತಾರೆ. ಇದು ನಿಜವಾಗಿ ನಡೆದದ್ದೇ, ಕಟ್ಟುಕಥೆಯೇ? (ಇತಿಹಾಸ ವಿದ್ಯಾರ್ಥಿ, ಧಾರವಾಡ)

ಉತ್ತರ: ಮೊದಲು ಕಥೆಯನ್ನು ಹೇಳಿ, ಆಮೇಲೆ ಅದರ ಆಧಾರವನ್ನು ನೋಡೋಣ.

ಮನೆಯನ್ನು ಕಟ್ಟಿಸಿದವನು ಕಿಮ್ ಹುಂಗ್‌ಗುನ್. ಆಗ ಕೊರಿಯಾವನ್ನು ಆಳುತ್ತಿದ್ದ ಜೋಸೊನ್ ರಾಜ್ಯದ ಅತ್ಯುನ್ನತ ಮಂತ್ರಿ ಪದವಿಗೆ ಏರಿದ್ದ ಇವನು ಆನ್‌ದೊಂಗ್ ಕಿಮ್ ಮನೆತನಕ್ಕೆ ಸೇರಿದವನು. ಹತ್ತೊಂಬತ್ತನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ರಾಣಿಯರನ್ನು ಕೊಟ್ಟು ಅಧಿಕಾರವನ್ನು ಬಹುಮಟ್ಟಿಗೆ ತನ್ನ ಕೈಯಲ್ಲಿ ಇಟ್ಟುಕೊಂಡಿದ್ದದ್ದು ಇದೇ ಮನೆತನ. 1864ರ ಆರಂಭದಲ್ಲಿ ಚೊಲ್‌ಜೊಂಗ್ ಅರಸನು ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ರಾಜವಂಶದ ಬಡ ಕವಲೊಂದರ ಯೀ ಹಾಉಂಗ್ ಎಂಬುವನ ಹುಡುಗನನ್ನು ಸಿಂಹಾಸನಕ್ಕೆ ತರಲಾಯಿತು. ಆ ಹುಡುಗನೇ ಮುಂದೆ ಗೋಜೊಂಗ್ ಎಂದು ಹೆಸರಾದ ಅರಸ. ತಾನು ಅರಸನಾಗದೆ ಅರಸನ ತಂದೆಯಾದವನಿಗೆ ಸಲ್ಲುವ ದೇವೊನ್‌ಗುನ್ ಎಂಬ ಬಿರುದು ಯೀ ಹಾಉಂಗ್‌ನಿಗೆ ದೊರೆಯಿತು. ಬದುಕಿರುವಾಗಲೇ ಈ ಬಿರುದನ್ನು ಪಡೆದವನು ಕೊರಿಯಾದ ಇತಿಹಾಸದಲ್ಲಿ ಇವನೊಬ್ಬನೇ. ಹುಂಗ್‌ಸೊನ್ ದೇವೊನ್‌ಗುನ್ ಎಂದೇ ಇತಿಹಾಸ ಇವನನ್ನು ನೆನೆಯುತ್ತದೆ.

ಕಥೆಯ ಪ್ರಕಾರ, ದೇವೊನ್‌ಗುನ್ ಈ ಮನೆಯನ್ನು ತನಗೆ ಮಾರುವಂತೆ ಕೇಳಿದಾಗ ಕಿಮ್ ಒಪ್ಪಲಿಲ್ಲ. ಹಾಗಾದರೆ ಒಂದು ದಿನದ ಮಟ್ಟಿಗಾದರೂ ಕೊಡು ಎಂದು ಕೇಳಿದ ದೇವೊನ್‌ಗುನ್, ಆ ದಿನ ತನ್ನ ಮಗನನ್ನು, ಅಂದರೆ ಅರಸನನ್ನೇ, ಅಲ್ಲಿಗೆ ಕರೆತಂದ. ಅರಸನು ಇಳಿದುಕೊಂಡ ಸ್ಥಳದಲ್ಲಿ ಪ್ರಜೆಯೊಬ್ಬನು ಮತ್ತೆ ವಾಸಿಸುವುದು ಮರ್ಯಾದೆಯಲ್ಲ ಎಂಬ ಕಾರಣಕ್ಕೆ ಕಿಮ್ ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದ. ಮನೆ ದೇವೊನ್‌ಗುನ್‌ನ ಪಾಲಾಯಿತು. ಸೊಕ್‌ಪಾ ಎಂಬುದು ಅವನ ಅಂಕಿತನಾಮವಾದ್ದರಿಂದ ಮನೆಗೆ ಸೊಕ್‌ಪಾಜೊಂಗ್ ಎಂಬ ಹೆಸರು ನಿಂತಿತು.

ಇದನ್ನು ಬರೆದಿಟ್ಟವರು ಹ್ವಾಂಗ್ ಹ್ಯೊನ್ ಎಂಬ ವಿದ್ವಾಂಸರು. 1864ರಿಂದ 1910ರವರೆಗಿನ ಸಂಗತಿಗಳನ್ನು ಅವರು ‘ಮೇಚೊನ್ ಯಾರೋಕ್’ ಎಂಬ ಹೆಸರಿನ ಖಾಸಗಿ ವೃತ್ತಾಂತದಲ್ಲಿ ದಾಖಲಿಸಿದ್ದಾರೆ. 1910ರಲ್ಲಿ ಜಪಾನ್ ತಮ್ಮ ದೇಶವನ್ನು ನುಂಗಿಕೊಂಡಾಗ ಪ್ರಾಣ ತೆತ್ತ ಈ ನಿಷ್ಠುರ ಲೇಖಕರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಬೇಕಾಗಿಲ್ಲ. ಆದರೆ ಅವರು ಹುಟ್ಟಿದ್ದು 1855ರಲ್ಲಿ, ದೂರದ ದಕ್ಷಿಣದ ಜೊಲ್ಲಾ ಪ್ರಾಂತದಲ್ಲಿ. ಗೋಜೊಂಗ್ ಸಿಂಹಾಸನವೇರಿದಾಗ ಅವರಿನ್ನೂ ಬಾಲಕರು. ಆದ್ದರಿಂದ ಈ ಪ್ರಸಂಗವನ್ನು ಅವರು ಕೇಳಿ ಬರೆದದ್ದೇ ಹೊರತು ಕಂಡು ಬರೆದದ್ದಲ್ಲ. ಮನೆ ಕಿಮ್ ಹುಂಗ್‌ಗುನ್‌ನಿಂದ ದೇವೊನ್‌ಗುನ್‌ಗೆ ಹೋದದ್ದು, ಹಳೆಯ ಮನೆತನದ ಬಲ ಮುರಿಯುತ್ತಿದ್ದ ಕಾಲದಲ್ಲೇ ಆ ಕೈಬದಲು ಆದದ್ದು, ಇವು ಗಟ್ಟಿಯಾದ ಸಂಗತಿಗಳು. ಒಂದು ದಿನದ ಸಾಲದ ಉಪಾಯವನ್ನು ಆ ಕಾಲದ ಜನ ನಂಬಿ ಆಡಿಕೊಂಡ ಮಾತೆಂದು ಇಟ್ಟುಕೊಳ್ಳುವುದು ಕ್ಷೇಮ. ಇತಿಹಾಸ ವಿದ್ಯಾರ್ಥಿಯಾದ ನಿಮಗೆ ಅದೂ ಒಂದು ಸಾಕ್ಷ್ಯವೇ. ಒಂದು ಸೂಜಿಯೂ ಮುರಿಯದೆ, ರಾಜಮರ್ಯಾದೆಯ ನಿಯಮವನ್ನೇ ಹಿಡಿದು ಮಂತ್ರಿಯೊಬ್ಬನ ಮನೆಯನ್ನು ತೆಗೆದುಕೊಳ್ಳಬಲ್ಲವನು ಎಂದು ಜನ ದೇವೊನ್‌ಗುನ್‌ನನ್ನು ಕಂಡಿದ್ದರು.

ಪ್ರಶ್ನೆ: ದೇವೊನ್‌ಗುನ್‌ಗಿಂತ ಮೊದಲು ಅಲ್ಲಿ ಏನಿತ್ತು? (ಶಿವಮೊಗ್ಗ)

ಉತ್ತರ: ಬಂಡೆಗಳು ಇದಕ್ಕೆ ಉತ್ತರ ಹೇಳುತ್ತವೆ. ತೊರೆಯ ಬದಿಯ ಬಂಡೆಯೊಂದರ ಮೇಲೆ ‘ಸೋಸು ಉನ್‌ರ್ಯೊಮಾಮ್’ ಎಂಬ ಚೀನೀ ಲಿಪಿಯ ಕೆತ್ತನೆಯಿದೆ. ಹದಿನೇಳು ಹದಿನೆಂಟನೆಯ ಶತಮಾನದ ಸಂಧಿಯಲ್ಲಿ ಬಾಳಿದ ಕನ್‌ಫ್ಯೂಷಿಯನ್ ವಿದ್ವಾಂಸ ಕ್ವೊನ್ ಸಾಂಗ್‌ಹಾ ತನ್ನ ಗೆಳೆಯ ಜೋ ಜೊಂಗ್‌ಮಾನ್‌ಗೆ ಬರೆದುಕೊಟ್ಟ ಅಕ್ಷರಗಳು ಇವು. ಕೆತ್ತನೆಯಲ್ಲಿರುವ ಸಂವತ್ಸರ 1721ಕ್ಕೆ ಸರಿಹೊಂದುತ್ತದೆ. ಎಂದರೆ ಕಿಮ್ ಹುಂಗ್‌ಗುನ್ ಮನೆ ಕಟ್ಟಿಸುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಮೊದಲೇ ಈ ಕಣಿವೆ ಓದುಬಲ್ಲವರ ಕಣ್ಣಿಗೆ ಬಿದ್ದಿತ್ತು. ಇನ್ನೊಂದು ಬಂಡೆಯ ಮೇಲೆ ‘ಸಾಮ್‌ಗ್ಯೇದೊಂಗ್’ ಎಂಬ ಮೂರು ಅಕ್ಷರಗಳಿವೆ. ಕಿಮ್‌ನ ಕಾಲದಲ್ಲಿ ಮನೆಯನ್ನು ಕರೆಯುತ್ತಿದ್ದದ್ದು ಈ ಹೆಸರಿನಿಂದಲೇ.

ಇಡೀ ಬುವಾಮ್‌ದೊಂಗ್ ಪ್ರದೇಶಕ್ಕೇ ಇಂಥ ಹಳೆಯ ನಂಟು ಇದೆ. ಸೊಕ್‌ಪಾಜೊಂಗ್‌ನಿಂದ ಸ್ವಲ್ಪವೇ ದೂರದಲ್ಲಿ ಹದಿನೈದನೆಯ ಶತಮಾನದ ರಾಜಕುಮಾರ ಆನ್‌ಪ್ಯೊಂಗ್‌ನ ವಿಹಾರಗೃಹವಿತ್ತು. ಕನಸಿನಲ್ಲಿ ಕಂಡ ಪೀಚ್ ಹೂಗಳ ಕಣಿವೆಯನ್ನು ಅವನು ವಿವರಿಸಿದಾಗ ಆನ್ ಗ್ಯೊನ್ ಎಂಬ ಚಿತ್ರಕಾರ 1447ರಲ್ಲಿ ಅದನ್ನು ರೇಷ್ಮೆಯ ಮೇಲೆ ಬಿಡಿಸಿದ. ಕೊರಿಯಾದ ಚಿತ್ರಕಲೆಯಲ್ಲಿ ಅತ್ಯಂತ ಪ್ರಸಿದ್ಧವಾದ ಆ ಚಿತ್ರ ಈಗ ಜಪಾನಿನ ತೆನ್ರಿ ವಿಶ್ವವಿದ್ಯಾಲಯದಲ್ಲಿದೆ. ಕನಸಿನ ಕಣಿವೆಯನ್ನು ಹೋಲುವ ಜಾಗ ಇದೇ ಎಂದು ನಂಬಿ ರಾಜಕುಮಾರ ಇಲ್ಲಿ ಮನೆ ಮಾಡಿದನೆಂದು ಹೇಳುತ್ತಾರೆ. ಬೆಟ್ಟಗಳ ನಡುವಿನ ಈ ಮೂಲೆ ಕೋಟೆಯ ಬಾಗಿಲಿನಿಂದ ಹೊರಗೆ, ಅರಮನೆಗೆ ಮಾತ್ರ ಹತ್ತಿರ. ಅಧಿಕಾರದಲ್ಲಿದ್ದವರು ಬಿಡುವಿಗೆಂದು ಇಲ್ಲಿಗೆ ಬರುತ್ತಿದ್ದುದಕ್ಕೆ ಇದೇ ಕಾರಣ.

ಪ್ರಶ್ನೆ: ದೇವೊನ್‌ಗುನ್ ವಿದೇಶಿಯರಿಗೆ ದೇಶದ ಬಾಗಿಲು ಮುಚ್ಚಿದ ಕಠೋರ ಆಡಳಿತಗಾರ ಎಂದು ಓದಿದ್ದೇನೆ. ಅವನು ಚಿತ್ರಕಾರನೂ ಆಗಿದ್ದನೆಂದು ನಿಮ್ಮ ಟಿಪ್ಪಣಿಯಲ್ಲಿತ್ತು. ಅವನು ಏನನ್ನು ಬಿಡಿಸುತ್ತಿದ್ದ? ಅದು ದೊರೆಗಳ ಹವ್ಯಾಸದ ಮಟ್ಟದ್ದೇ? (ಚಿತ್ರಕಲಾ ಶಿಕ್ಷಕಿ, ಮೈಸೂರು)

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ಮನೆಗೂ ಕಲೆಗೂ ಇರುವ ನಿಜವಾದ ಸಂಬಂಧ ಮ್ಯೂಸಿಯಂನಿಂದ ಶುರುವಾದದ್ದಲ್ಲ, ಈ ಮನುಷ್ಯನ ಕುಂಚದಿಂದ ಶುರುವಾದದ್ದು.

ನೀವು ಓದಿರುವುದು ಸರಿಯಾಗಿಯೇ ಇದೆ. 1864ರಿಂದ 1873ರವರೆಗೆ ಮಗನ ಹೆಸರಿನಲ್ಲಿ ಆಳಿದ ಅವನು ಸುಟ್ಟು ಬಿದ್ದಿದ್ದ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯನ್ನು 1865ರಿಂದ ಮತ್ತೆ ಕಟ್ಟಿಸಿದ. ತೆರಿಗೆ ತಪ್ಪಿಸಿಕೊಳ್ಳುತ್ತಿದ್ದ ನೂರಾರು ಖಾಸಗಿ ವಿದ್ಯಾಪೀಠಗಳಲ್ಲಿ 47ನ್ನು ಮಾತ್ರ ಉಳಿಸಿ ಮಿಕ್ಕವನ್ನು ಮುಚ್ಚಿಸಿದ. 1866ರಲ್ಲಿ ಕ್ಯಾಥೊಲಿಕರನ್ನು ಕ್ರೂರವಾಗಿ ಕೊಲ್ಲಿಸಿದ. ಅದೇ ವರ್ಷ ಫ್ರೆಂಚರ ಮತ್ತು 1871ರಲ್ಲಿ ಅಮೆರಿಕನ್ನರ ನೌಕೆಗಳು ಗಾಂಗ್‌ಹ್ವಾ ದ್ವೀಪದ ಮೇಲೆ ದಾಳಿಯಿಟ್ಟು ಹಿಂದಿರುಗಿದ ಮೇಲೆ, ವಿದೇಶಿಯರೊಡನೆ ಸಂಧಿ ಮಾಡಿಕೊಳ್ಳುವವನು ದೇಶವನ್ನು ಮಾರುವವನು ಎಂಬ ಅರ್ಥದ ಕಲ್ಲುಗಳನ್ನು ನಾಡಿನಾದ್ಯಂತ ನೆಡಿಸಿದ.

ಅದೇ ಕೈ ಬಿಡಿಸುತ್ತಿದ್ದದ್ದು ಆರ್ಕಿಡ್ ಗಿಡಗಳನ್ನು, ಕಪ್ಪು ಮಸಿಯೊಂದರಲ್ಲೇ. ಬಡತನದಲ್ಲಿದ್ದ ಕಾಲದಲ್ಲಿಯೇ ಅವನು ಚೂಸಾ ಎಂದು ಪ್ರಸಿದ್ಧನಾದ ಕಿಮ್ ಜೊಂಗ್‌ಹುಯಿ ಎಂಬ ಮಹಾನ್ ಲಿಪಿಕಾರನ ಶಿಷ್ಯನಾಗಿದ್ದ. ಆರ್ಕಿಡ್ ಬಿಡಿಸುವುದು ಹೂವನ್ನು ನೋಡಿ ನಕಲು ಮಾಡುವ ಕೆಲಸವಲ್ಲ, ಅಕ್ಷರ ಬರೆಯುವ ಕುಂಚದಿಂದಲೇ, ಅಕ್ಷರ ಬರೆಯುವ ಶಿಸ್ತಿನಿಂದಲೇ ಅದು ಮೂಡಬೇಕು ಎಂಬುದು ಚೂಸಾನ ಬೋಧನೆ. ಒಂದು ಎಲೆಯನ್ನು ಎಳೆಯುವಾಗ ಕುಂಚವನ್ನು ಮೂರು ಬಾರಿ ಒತ್ತಿ ಸಡಿಲಿಸುವ ಕ್ರಮವನ್ನು ಅವನು ಕಲಿಸುತ್ತಿದ್ದ. ಎಲೆ ಬುಡದಲ್ಲಿ ದಪ್ಪವಾಗಿ ಹೊರಟು, ನಡುವೆ ತೆಳುವಾಗಿ, ಮತ್ತೆ ಹಿಗ್ಗಿ, ಕೊನೆಗೆ ಕೂದಲಿನಷ್ಟು ಸಣ್ಣಗಾಗಿ ಮುಗಿಯುತ್ತದೆ. ಒಮ್ಮೆ ಎಳೆದ ಮೇಲೆ ತಿದ್ದುವಂತಿಲ್ಲ. ದೇವೊನ್‌ಗುನ್‌ನ ಎಲೆಗಳಲ್ಲಿ ಬುಡದ ಬಿರುಸು ಮತ್ತು ತುದಿಯ ಹರಿತ ಎದ್ದು ಕಾಣುತ್ತವೆ. ‘ಸೊಕ್‌ಪಾ ಆರ್ಕಿಡ್’ ಎಂದು ಅವನ ಹೆಸರಿನಿಂದಲೇ ಒಂದು ಶೈಲಿ ಗುರುತಾಯಿತು. ಶಿಷ್ಯನ ಆರ್ಕಿಡ್‌ಗಳನ್ನು ಗುರು ಮೆಚ್ಚಿಕೊಂಡಿದ್ದನೆಂಬುದಕ್ಕೆ ಬರಹಗಳ ಆಧಾರವಿದೆ. ಆದ್ದರಿಂದ ಇದನ್ನು ದೊರೆಯ ಹವ್ಯಾಸ ಎನ್ನಲಾಗದು.

ಅಧಿಕಾರ ಕಳೆದುಕೊಂಡ ನಂತರವೂ ಅವನು ಕುಂಚ ಬಿಡಲಿಲ್ಲ. 1882ರ ಸೈನಿಕರ ದಂಗೆಯ ನಂತರ ಚೀನಾದ ಚಿಂಗ್ ಸರ್ಕಾರ ಅವನನ್ನು ಹಿಡಿದೊಯ್ದು ಬಾವೊದಿಂಗ್‌ನಲ್ಲಿ ಸೆರೆಯಲ್ಲಿಟ್ಟಿತು. 1885ರಲ್ಲಿ ಬಿಡುಗಡೆಯಾಗುವವರೆಗೆ ಅಲ್ಲಿಯೂ ಆರ್ಕಿಡ್ ಬಿಡಿಸುತ್ತಿದ್ದ. ಮುಂದಿನ ವರ್ಷಗಳಲ್ಲಿ ಬಂಡೆಯ ಬಿರುಕಿನಿಂದ ಹೊಮ್ಮುವ ಆರ್ಕಿಡ್‌ಗಳ ಉದ್ದನೆಯ ಜೋಡಿ ಚಿತ್ರಗಳು ಅವನಿಂದ ಬಂದವು. ಬೇಡಿಕೆ ಎಷ್ಟಿತ್ತೆಂದರೆ ಅವನ ಪರವಾಗಿ ಬೇರೆಯವರು ಬಿಡಿಸಿದ ಚಿತ್ರಗಳೂ ಹೊರಬಿದ್ದವು. ಹೀಗಾಗಿ ಅವನ ಮುದ್ರೆಯಿರುವ ಆರ್ಕಿಡ್‌ಗಳೆಲ್ಲ ಅವನ ಕೈಯವಲ್ಲ ಎಂಬ ಎಚ್ಚರವನ್ನು ಕಲಾ ಇತಿಹಾಸಕಾರರು ಇಟ್ಟುಕೊಂಡಿರುತ್ತಾರೆ. ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸುವುದಾದರೆ ಒಂದೇ ಒಂದು ಎಲೆಯ ದಪ್ಪ ಎಲ್ಲೆಲ್ಲಿ ಬದಲಾಗುತ್ತದೆ ಎಂಬುದನ್ನು ದೊಡ್ಡದು ಮಾಡಿ ತೋರಿಸಿ. ಇಡೀ ಪಾಠ ಅದರಲ್ಲಿದೆ.

ಪ್ರಶ್ನೆ: ದೇವೊನ್‌ಗುನ್ ಚಿತ್ರ ಬಿಡಿಸುತ್ತಿದ್ದ ಕೋಣೆಯನ್ನು ನೋಡಬಹುದೇ? (ಅದೇ ಓದುಗರು)

ಉತ್ತರ: ನೋಡಬಹುದು, ಆದರೆ ಸೊಕ್‌ಪಾಜೊಂಗ್‌ನಲ್ಲಿ ಅಲ್ಲ. ಮನೆಯ ಭಾಗವಾಗಿದ್ದ ಒಂದು ಪ್ರತ್ಯೇಕ ಕಟ್ಟಡವನ್ನು 1958ರಲ್ಲಿ ಬಿಚ್ಚಿ, ಹತ್ತಿರದ ಹೊಂಗ್‌ಜಿದೊಂಗ್‌ನಲ್ಲಿ ಮತ್ತೆ ಜೋಡಿಸಲಾಯಿತು. ಅದನ್ನು ಈಗ ಸೊಕ್‌ಪಾರಾಂಗ್ ಎನ್ನುತ್ತಾರೆ. ಅದಕ್ಕೆ ಸಂರಕ್ಷಿತ ಆಸ್ತಿಯ ಪ್ರತ್ಯೇಕ ಮಾನ್ಯತೆಯೂ ಇದೆ. ದೊಡ್ಡ ಕೋಣೆಯಲ್ಲಿ ದೇವೊನ್‌ಗುನ್ ಇರುತ್ತಿದ್ದ, ಎದುರಿನ ಕೋಣೆ ಅತಿಥಿಗಳದು, ನಡುವಿನ ಕೋಣೆ ಆರ್ಕಿಡ್ ಬಿಡಿಸಲು ಮೀಸಲು ಎಂದು ಹೇಳಿಕೆಯಿದೆ. ಬದಿಗೋಡೆಗಳಿಗೆ ಇಟ್ಟಿಗೆ ಬಳಸಿ, ಅವುಗಳಲ್ಲಿ ದುಂಡಗಿನ ಕಿಟಕಿಯನ್ನು ಬಿಟ್ಟಿರುವುದು ಕೊರಿಯಾದ ಮನೆಗಳಲ್ಲಿ ಅಪರೂಪ. ಈಗ ಆ ಆವರಣದಲ್ಲಿ ಸಾಂಪ್ರದಾಯಿಕ ಊಟದ ದುಬಾರಿ ಹೋಟೆಲೊಂದು ನಡೆಯುತ್ತದೆ. ಸೊಕ್‌ಪಾಜೊಂಗ್‌ನಿಂದ ಇಳಿಜಾರಿನಲ್ಲಿ ನಡೆದೇ ಹೋಗಬಹುದಾದ ದೂರ.

ಈ ಕಟ್ಟಡವನ್ನು ಸಾಗಿಸಿದವರು ಸೋನ್ ಜೇಹ್ಯೊಂಗ್ ಎಂಬ ಲಿಪಿಕಾರರು. ಅವರ ಹೆಸರನ್ನು ಕೊರಿಯಾದ ಜನ ಬೇರೊಂದು ಕಾರಣಕ್ಕೆ ಕೃತಜ್ಞತೆಯಿಂದ ನೆನೆಯುತ್ತಾರೆ. ಚೂಸಾ ಜೇಜು ದ್ವೀಪದಲ್ಲಿ ಗಡಿಪಾರಾಗಿದ್ದಾಗ 1844ರಲ್ಲಿ ಬಿಡಿಸಿದ ‘ಸೇಹಾಂದೋ’, ಅಂದರೆ ಚಳಿಗಾಲದ ಮರಗಳ ನಡುವೆ ಒಂಟಿ ಮನೆಯಿರುವ ಆ ಮಸಿ ಚಿತ್ರ, ಜಪಾನಿ ವಿದ್ವಾಂಸರೊಬ್ಬರ ಸಂಗ್ರಹದಲ್ಲಿ ಟೋಕಿಯೊ ಸೇರಿತ್ತು. ಎರಡನೆಯ ಮಹಾಯುದ್ಧ ನಡೆಯುತ್ತಿರುವಾಗಲೇ, 1944ರಲ್ಲಿ, ಸೋನ್ ಅಲ್ಲಿಗೆ ಹೋಗಿ ಮತ್ತೆ ಮತ್ತೆ ವಿನಂತಿಸಿ ಅದನ್ನು ತಾಯ್ನಾಡಿಗೆ ತಂದರು. ಆ ವಿದ್ವಾಂಸರ ಸಂಗ್ರಹದ ಬಹುಭಾಗ ಬಳಿಕ ಬಾಂಬ್ ದಾಳಿಯ ಬೆಂಕಿಗೆ ಆಹುತಿಯಾಯಿತು. 2020ರಲ್ಲಿ ದಾನವಾಗಿ ಬಂದ ಸೇಹಾಂದೋ ಈಗ ಸಿಯೋಲ್‌ನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಗುರುವಿನ ಚಿತ್ರವನ್ನು ಉಳಿಸಿದವರೇ ಶಿಷ್ಯನ ಚಿತ್ರದ ಕೋಣೆಯನ್ನೂ ತಮ್ಮ ಅಂಗಳಕ್ಕೆ ತಂದುಕೊಂಡರು. ಮೂಲ ಜಾಗದಿಂದ ಕಿತ್ತದ್ದು ಸರಿಯೇ ಎಂದು ಇಂದಿನ ಸಂರಕ್ಷಣಾ ತಜ್ಞರು ಕೇಳಬಹುದು. ಕೊರಿಯಾ ಯುದ್ಧ ಮುಗಿದು ಐದೇ ವರ್ಷವಾಗಿದ್ದ ಊರಿನಲ್ಲಿ ಅದು ಹಾಗೆಯೇ ಉಳಿಯುತ್ತಿತ್ತೆಂಬ ಭರವಸೆ ನನಗಿಲ್ಲ.

ಪ್ರಶ್ನೆ: ತೊರೆಯ ಮೇಲಿನ ಮಂಟಪ ಚೀನೀ ಶೈಲಿಯಲ್ಲಿ ಕಾಣುತ್ತದೆ. ಅಲ್ಲಿರುವ ಕಲ್ಲಿನ ಗೋಪುರವೂ ಮನೆಯಷ್ಟೇ ಹಳೆಯದೇ? (ಮಂಗಳೂರು)

ಉತ್ತರ: ಮಂಟಪದ ಹೆಸರು ‘ಯುಸುಸೊಂಗ್‌ಜುಂಗ್ ಗ್ವಾನ್‌ಪುಂಗ್ನು’. ಹರಿಯುವ ನೀರಿನ ಸದ್ದಿನ ನಡುವೆ ಕುಳಿತು ಕೆಂಪಾದ ಮೇಪಲ್ ಎಲೆಗಳನ್ನು ನೋಡುವ ಮಾಳಿಗೆ ಎಂದು ಇದರ ತಾತ್ಪರ್ಯ. ಕಲ್ಲಿನ ಕಿರುಸೇತುವೆಯನ್ನು ದಾಟಿ ಅಲ್ಲಿಗೆ ಹೋಗಬೇಕು. ಕೊರಿಯಾದ ಮಂಟಪಗಳಿಗೆ ಸಾಮಾನ್ಯವಾಗಿ ಮರದ ಹಲಗೆಯ ನೆಲವಿರುತ್ತದೆ, ಪಾದರಕ್ಷೆ ಬಿಟ್ಟು ಕೂರುತ್ತಾರೆ. ಇದಕ್ಕೆ ಗ್ರಾನೈಟ್ ನೆಲ ಹಾಕಿ, ಅಲಂಕಾರದ ಮರಗೆಲಸವನ್ನು ಚಿಂಗ್ ಕಾಲದ ಚೀನೀ ರೀತಿಯಲ್ಲಿ ಮಾಡಲಾಗಿದೆ. ಆ ಕಾಲದ ಕೊರಿಯಾದ ಶ್ರೀಮಂತರಿಗೆ ಬೀಜಿಂಗ್‌ಗೆ ಹೋಗಿಬರುವ ರಾಯಭಾರಿ ತಂಡಗಳ ಮೂಲಕ ಅಲ್ಲಿನ ಪುಸ್ತಕ, ಚಿತ್ರ, ಕಟ್ಟಡಗಳ ಪರಿಚಯವಿತ್ತು. ಅಂಥ ರುಚಿಯ ಫಲ ಇದು.

ಗೋಪುರದ ವಿಷಯ ಬೇರೆ. ಕೊರಿಯಾದ ಪ್ರಾಚೀನ ರಾಜ್ಯವಾದ ಏಕೀಕೃತ ಸಿಲ್ಲಾದ ಕಾಲದ ಆ ಮೂರಂತಸ್ತಿನ ಕಲ್ಲಿನ ಸ್ತೂಪ ಮನೆಗಿಂತ ಸಾವಿರ ವರ್ಷದಷ್ಟು ಹಳೆಯದು. ಆದರೆ ಅದನ್ನು ಸಿಲ್ಲಾದ ರಾಜಧಾನಿಯಾಗಿದ್ದ ಗ್ಯೊಂಗ್‌ಜು ಕಡೆಯಿಂದ ತಂದು ಇಲ್ಲಿ ನಿಲ್ಲಿಸಿದ್ದು ಮ್ಯೂಸಿಯಂ ತೆರೆಯುವ ಹೊತ್ತಿನಲ್ಲಿ. ದೇವೊನ್‌ಗುನ್ ಅದನ್ನು ಈ ಅಂಗಳದಲ್ಲಿ ಕಂಡಿರಲಿಲ್ಲ. ಆದರೆ ಸಾರಾಂಗ್‌ಚೇ ಪಕ್ಕದಲ್ಲಿ ಊರುಗೋಲುಗಳ ಮೇಲೆ ಕೊಂಬೆಗಳನ್ನು ಹರಡಿ ನಿಂತಿರುವ ಪೈನ್ ಮರವನ್ನು ಮಾತ್ರ ಅವನೂ, ಕಿಮ್ ಹುಂಗ್‌ಗುನ್‌ನೂ, ಬಂಡೆಗೆ ಅಕ್ಷರ ಕೊಟ್ಟ ವಿದ್ವಾಂಸರೂ ಕಂಡಿರಬೇಕು. ಅದರ ವಯಸ್ಸು ಆರುನೂರು ವರ್ಷ ದಾಟಿದೆ ಎಂದು ಅಂದಾಜು. ಆವರಣದ ಮೇಲ್ಭಾಗದಲ್ಲಿರುವ ಬೃಹತ್ ಬಂಡೆಯನ್ನು ಆನೆಗೆ ಹೋಲಿಸುತ್ತಾರೆ, ಅದರ ಮುಂದೆ ಹರಕೆ ಹೊರುವವರೂ ಇದ್ದಾರೆ.

ಪ್ರಶ್ನೆ: ಇಂಥ ಮನೆಯ ಎದುರು ಕಾಂಕ್ರೀಟ್ ಮ್ಯೂಸಿಯಂ ಕಟ್ಟಿ, ಅದರ ಮೂಲಕವೇ ಒಳಗೆ ಬಿಡುವುದು ನ್ಯಾಯವೇ? ಮ್ಯೂಸಿಯಂನಲ್ಲಿ ನೋಡುವಂಥದ್ದು ಏನಿದೆ? (ಹುಬ್ಬಳ್ಳಿ)

ಉತ್ತರ: ದೇವೊನ್‌ಗುನ್‌ನ ವಂಶಸ್ಥರಿಗೆ ಬಂದಿದ್ದ ಈ ಮನೆ ಕೊರಿಯಾ ಯುದ್ಧದ ನಂತರ ಕ್ಯಾಥೊಲಿಕರ ಅನಾಥಾಲಯವಾಗಿತ್ತು. ಯಾವ ಧರ್ಮದವರನ್ನು ಅವನು ಬೇಟೆಯಾಡಿದ್ದನೋ ಅವರೇ ಅವನ ಮನೆಯಲ್ಲಿ ಯುದ್ಧದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಸಾಕಿದರು. ಈ ಸಂಗತಿಯನ್ನು ಅಲ್ಲಿನ ಮಾರ್ಗದರ್ಶಿಗಳು ಇನ್ನೂ ಸ್ವಲ್ಪ ಒತ್ತಿ ಹೇಳಬೇಕೆಂದು ನನಗನಿಸುತ್ತದೆ. ಆಮೇಲೆ ಮನೆ ಖಾಸಗಿಯವರ ಕೈ ಸೇರಿ, ದೀರ್ಘಕಾಲ ಸಾರ್ವಜನಿಕರಿಗೆ ಮುಚ್ಚಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಔಷಧ ಉದ್ಯಮಿ ಆನ್ ಬ್ಯೊಂಗ್‌ಗ್ವಾಂಗ್ ಅದನ್ನು ಹರಾಜಿನಲ್ಲಿ ಕೊಂಡು, ಮುಂದೆ ಮ್ಯೂಸಿಯಂ ಕಟ್ಟಿ, 2012ರಲ್ಲಿ ಎರಡನ್ನೂ ತೆರೆದರು.

ರಸ್ತೆಯಿಂದ ಮನೆ ಕಾಣುವುದಿಲ್ಲ ಎಂಬ ನಿಮ್ಮ ಬೇಸರ ನನ್ನದೂ ಹೌದು. ಆದರೂ ಮುಚ್ಚಿದ ಬಾಗಿಲಿಗಿಂತ ಟಿಕೆಟ್ ಕೊಂಡು ದಾಟುವ ಬಾಗಿಲು ಮೇಲು. ಮರದ ಮನೆಗೆ, ಹೆಂಚಿಗೆ, ಹಳೆಯ ಮರಕ್ಕೆ ಪ್ರತಿ ವರ್ಷ ದುರಸ್ತಿ ಬೇಕು. ನೋಡಲು ಬರುವವರಿದ್ದಾಗಲೇ ಆ ಖರ್ಚು ಹುಟ್ಟುತ್ತದೆ.

ಮ್ಯೂಸಿಯಂ ತೆರೆದದ್ದು ಲೀ ಜುಂಗ್‌ಸೊಪ್ ಅವರ ಚಿತ್ರಗಳ ಪ್ರದರ್ಶನದಿಂದ. 1916ರಲ್ಲಿ ಹುಟ್ಟಿ 1956ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ಸಿಯೋಲ್‌ನಲ್ಲಿ ಒಂಟಿಯಾಗಿ ತೀರಿಕೊಂಡ ಈ ಕಲಾವಿದರ ಜಪಾನಿ ಪತ್ನಿ ಮತ್ತು ಇಬ್ಬರು ಮಕ್ಕಳು ಯುದ್ಧದ ಬಡತನದಿಂದಾಗಿ 1952ರಲ್ಲಿ ಜಪಾನಿಗೆ ಹೋದವರು ಮರಳಿ ಅವರೊಡನೆ ಬಾಳಲಾಗಲಿಲ್ಲ. ಕ್ಯಾನ್ವಾಸ್ ಇಲ್ಲದ ದಿನಗಳಲ್ಲಿ ಅವರು ಸಿಗರೇಟು ಪೊಟ್ಟಣದ ಬೆಳ್ಳಿಹಾಳೆಯ ಮೇಲೆ ಗೀರಿ ಬಿಡಿಸಿದ ಮಕ್ಕಳ ಚಿತ್ರಗಳನ್ನೂ, ಸೊಂಟ ಬಿಗಿದು ನಿಂತ ಹೋರಿಗಳನ್ನೂ ಕೊರಿಯಾದಲ್ಲಿ ತಿಳಿಯದವರಿಲ್ಲ. ಅವುಗಳಲ್ಲಿ ‘ಹ್ವಾಂಗ್ಸೋ’ ಎಂಬ ಹೋರಿಯ ಚಿತ್ರವನ್ನು ಮ್ಯೂಸಿಯಂನ ಸ್ಥಾಪಕರು 2010ರ ಹರಾಜಿನಲ್ಲಿ 356 ಕೋಟಿ ವೊನ್‌ಗೆ ಕೊಂಡರು. ಹದಿನಾರನೆಯ ಶತಮಾನದ ಕಲಾವಿದೆ ಶಿನ್ ಸಾಇಮ್‌ದಾಂಗ್‌ಳವೆಂದು ಹೇಳುವ ಹುಲ್ಲು ಮತ್ತು ಕೀಟಗಳ ಚಿತ್ರಗಳೂ ಸಂಗ್ರಹದಲ್ಲಿವೆ. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಎಲ್ಲ ಚಿತ್ರಗಳೂ ಎಲ್ಲ ಕಾಲದಲ್ಲೂ ಗೋಡೆಯ ಮೇಲಿರುವುದಿಲ್ಲ. ಹೋರಿಯನ್ನೇ ನೋಡಬೇಕೆಂದು ಹೋಗುವವರು ಮುಂಚಿತವಾಗಿ ವಿಚಾರಿಸಬೇಕು.

ಪ್ರಶ್ನೆ: ನಾನು ಸುವಾನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಹಾಸನದಿಂದ ಬರುವವರಿದ್ದಾರೆ. ಅಮ್ಮನಿಗೆ ಮಂಡಿನೋವು, ಇಬ್ಬರೂ ಸಸ್ಯಾಹಾರಿಗಳು. ಯಾವ ತಿಂಗಳಲ್ಲಿ, ಹೇಗೆ ಕರೆದೊಯ್ಯಲಿ?

ಉತ್ತರ: ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲರ್ಧದ ನಡುವೆ ಬರಮಾಡಿಕೊಳ್ಳಿ. ಮಂಟಪದ ಹೆಸರಿನಲ್ಲಿರುವ ಮೇಪಲ್‌ಗಳು ಕೆಂಪಾಗುವ ಕಾಲ ಅದು. ಏಪ್ರಿಲ್ ಕೂಡ ಹಿತವಾಗಿರುತ್ತದೆ. ಜೂನ್ ಕೊನೆಯಿಂದ ಜುಲೈವರೆಗಿನ ಮಳೆಯಲ್ಲಿ ತೊರೆ ತುಂಬಿ ಹರಿಯುತ್ತದೆ, ಆದರೆ ಕಲ್ಲಿನ ಹಾದಿ ಜಾರುವುದರಿಂದ ನಿಮ್ಮ ತಾಯಿಯವರಿಗೆ ಆ ಕಾಲ ಬೇಡ. ಚಳಿಗಾಲದಲ್ಲಿ ಹಾಸನದಿಂದ ಬಂದವರಿಗೆ ಸಿಯೋಲ್‌ನ ಗಾಳಿ ತಡೆಯುವುದು ಕಷ್ಟ.

ಸುವಾನ್‌ನಿಂದ ಒಂದನೆಯ ಮಾರ್ಗದ ರೈಲಿನಲ್ಲಿ ಜೊಂಗ್ನೊ 3-ಗಾ ನಿಲ್ದಾಣಕ್ಕೆ ಬಂದು, ಮೂರನೆಯ ಮಾರ್ಗಕ್ಕೆ ಬದಲಾಯಿಸಿ, ಗ್ಯೊಂಗ್‌ಬೊಕ್‌ಗುಂಗ್ ನಿಲ್ದಾಣದಲ್ಲಿ ಇಳಿಯಿರಿ. ಮೂರನೆಯ ದ್ವಾರದ ಹತ್ತಿರ 1020, 7022 ಅಥವಾ 7212 ಸಂಖ್ಯೆಯ ಹಸಿರು ಬಸ್ ಹತ್ತಿ, ಜಾಹಾಮುನ್ ಸುರಂಗದ ಬಾಯಿಯ ನಿಲ್ದಾಣದಲ್ಲಿ ಇಳಿದರೆ ಮ್ಯೂಸಿಯಂ ಅಲ್ಲೇ ಇದೆ. ವಾರದ ಆರಂಭದ ದಿನಗಳಲ್ಲಿ ಮ್ಯೂಸಿಯಂಗೆ ರಜೆಯಿರುವುದರಿಂದ ವಾರಾಂತ್ಯವೇ ಸರಿ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಒಳಗಿನ ಪ್ರದರ್ಶನಕ್ಕೆ ಒಂದು ಗಂಟೆ, ಹೊರಗಿನ ಆವರಣಕ್ಕೆ ಅದಕ್ಕಿಂತ ಹೆಚ್ಚು ಸಮಯ ಇಟ್ಟುಕೊಳ್ಳಿ. ಬಹಳ ಜನ ಇದನ್ನು ತಲೆಕೆಳಗು ಮಾಡಿ, ತೋಟವನ್ನು ಫೋಟೊ ತೆಗೆಯುವಷ್ಟು ಹೊತ್ತಿನಲ್ಲಿ ಮುಗಿಸಿ ಹೊರಡುತ್ತಾರೆ. ತಾಯಿಯವರು ಮನೆಯ ಅಂಗಳ ಮತ್ತು ಪೈನ್ ಮರದವರೆಗೆ ನಿಧಾನವಾಗಿ ಬರಬಹುದು. ಮಂಟಪದ ಕಡೆಗೆ ಮತ್ತು ದೊಡ್ಡ ಬಂಡೆಯ ಕಡೆಗೆ ಏರು ತಗ್ಗಿನ ಹಾದಿಯಿದೆ, ಕೈಹಿಡಿದು ನಡೆಸಬೇಕಾದೀತು.

ಊಟದ ಬಗ್ಗೆ ಒಂದು ಎಚ್ಚರಿಕೆ. ತರಕಾರಿ ಮಾತ್ರ ಕಾಣುವ ಸಾರುಗಳಿಗೂ ಒಣ ನೆತ್ತಲಿ ಮೀನಿನ ರಸ ಹಾಕುವುದು ಅಲ್ಲಿನ ರೂಢಿ, ಕಿಮ್ಚಿಯಲ್ಲೂ ಮೀನಿನ ಉಪ್ಪುರಸ ಇರುತ್ತದೆ. ಬಿಬಿಮ್ಬಾಪ್ ಅನ್ನವನ್ನು ಮಾಂಸ ಮೊಟ್ಟೆ ಇಲ್ಲದೆ ಕೊಡಿ ಎಂದು ಕೇಳುವುದು, ಇಲ್ಲವೇ ಬೌದ್ಧ ಮಠಗಳ ಪದ್ಧತಿಯ ಊಟ ಬಡಿಸುವ ಹೋಟೆಲನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮಠದ ಅಡುಗೆಯಲ್ಲಿ ಮೀನು ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ.

ಪ್ರಶ್ನೆ: ಹಳೆಯ ಮನೆಯ ಕೋಣೆಗಳಲ್ಲೇ ಚಿತ್ರಗಳಿರುವ ಸ್ಥಳ ಸಿಯೋಲ್‌ನಲ್ಲಿ ಬೇರೆ ಇಲ್ಲವೇ? (ತುಮಕೂರು)

ಉತ್ತರ: ಇದೆ. ಇನ್ವಾಂಗ್‌ಸಾನ್ ಬೆಟ್ಟದ ಇನ್ನೊಂದು ಮಗ್ಗುಲಿನ ಓಗಿನ್‌ದೊಂಗ್‌ನಲ್ಲಿ ಪಾಕ್ ನೋಸು ಕಲಾ ಸಂಗ್ರಹಾಲಯವಿದೆ. 1930ರ ದಶಕದ ಕೊನೆಗೆ, ಜಪಾನಿ ಆಡಳಿತದೊಡನೆ ಕೈಜೋಡಿಸಿದ್ದ ಯುನ್ ದೊಗ್ಯೊಂಗ್ ಎಂಬ ಶ್ರೀಮಂತನು ತನ್ನ ಮಗಳಿಗಾಗಿ ಕಟ್ಟಿಸಿದ ಎರಡಂತಸ್ತಿನ ಮನೆ ಅದು. ಕೊರಿಯಾದ ಒಂದೊಲ್ ನೆಲವೂ ಪಾಶ್ಚಾತ್ಯ ರೀತಿಯ ಬೆಂಕಿಗೂಡುಗಳೂ ಅದರಲ್ಲಿ ಜೊತೆಜೊತೆಗಿವೆ. ಬಳಿಕ ಅಲ್ಲಿ ದಶಕಗಳ ಕಾಲ ಬಾಳಿ ಚಿತ್ರ ಬಿಡಿಸಿದ ಪಾಕ್ ನೋಸು ಅವರು ಮನೆಯನ್ನೂ ತಮ್ಮ ಚಿತ್ರಗಳನ್ನೂ ಸಂಗ್ರಹಿಸಿದ್ದ ಕಲ್ಲುಗಳನ್ನೂ ಸ್ಥಳೀಯ ಆಡಳಿತಕ್ಕೆ ಕೊಟ್ಟರು. ಅವರು ತೀರಿಕೊಂಡ 2013ರಲ್ಲಿಯೇ ಅದು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಹೋಗಿ, ಮಲಗುವ ಕೋಣೆಯಾಗಿದ್ದ ಜಾಗದಲ್ಲಿ ನಿಂತು, ನೀಲಿ ಬೆಟ್ಟಗಳ ಆ ಚಿತ್ರಗಳನ್ನು ನೋಡಬಹುದು. ಬುವಾಮ್‌ದೊಂಗ್‌ನಲ್ಲಿಯೇ, ಚಿತ್ರಕಾರ ಕಿಮ್ ಹ್ವಾನ್‌ಗಿ ಅವರ ನೆನಪಿಗೆ 1992ರಲ್ಲಿ ತೆರೆದ ಹ್ವಾನ್‌ಗಿ ಮ್ಯೂಸಿಯಂ ಕೂಡ ಇದೆ. ಅದು ಹಳೆಯ ಮನೆಯಲ್ಲ, ಆದರೆ ಸೊಕ್‌ಪಾಜೊಂಗ್ ನೋಡಿದ ದಿನವೇ ಅಲ್ಲಿಗೂ ನಡೆದು ಹೋಗಬಹುದು. ದೇವೊನ್‌ಗುನ್‌ನ ನಗರದ ಮನೆಯನ್ನು ನೋಡಬೇಕೆನ್ನುವವರು ಆನ್‌ಗುಕ್ ನಿಲ್ದಾಣದ ಬಳಿಯ ಉನ್‌ಹ್ಯೊನ್‌ಗುಂಗ್‌ಗೆ ಹೋಗಬೇಕು. ಅವನು ಆಡಳಿತ ನಡೆಸಿದ್ದು ಆ ಮನೆಯಿಂದ, ಗೋಜೊಂಗ್ ಅರಸನಾಗುವ ಮೊದಲು ಬೆಳೆದದ್ದೂ ಅಲ್ಲಿಯೇ.